ಏಳನೆಯ ಆವೃತ್ತಿಯ ಭಾನುವಾರ

ಆ ಭಾನುವಾರ ಬೆಳಗ್ಗೆ ಗಣಿತದ ಮೇಷ್ಟ್ರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಎರಡು ಫೋಲ್ಡರುಗಳಿದ್ದವು, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೆಸರು. ಒಂದು ಲೋಕಕ್ಕೆ ಕೊಡುವುದು, ಇನ್ನೊಂದು ಮನೆಯಲ್ಲಿ ಇಟ್ಟುಕೊಳ್ಳುವುದು. ಮೇಷ್ಟ್ರು ಮನೆಯದನ್ನು ಲೋಕಕ್ಕೆ ಕೊಟ್ಟುಬಿಟ್ಟರು.

ಹನ್ನೊಂದು ವರ್ಷದ ಹಿಂದೆ ಅವರ ಶಾಲೆಯ ಹೆಡ್ಮಿಸ್ಟ್ರೆಸ್ಸು ಕೈಯಲ್ಲೇ ವೇಳಾಪಟ್ಟಿ ಬರೆದು, ಮಂಗಳವಾರದ ಮೂರನೆಯ ಪೀರಿಯಡ್ಡಿಗೆ ಇವರನ್ನು ಎಂಟನೆಯ ತರಗತಿಗೂ ಹಾಕಿದ್ದರು, ಒಂಬತ್ತನೆಯದಕ್ಕೂ ಹಾಕಿದ್ದರು. ಮೇಷ್ಟ್ರು ಒಂದು ಟರ್ಮ್ ಪೂರ್ತಿ ಸೀಮೆಸುಣ್ಣ ಹಿಡಿದು ಮೆಟ್ಟಿಲು ಹತ್ತಿ ಇಳಿದರು. ಬೇರೆ ಯಾರಾದರೂ ಆಗಿದ್ದರೆ ಜಗಳ ಆಡುತ್ತಿದ್ದರು. ಇವರ ಸಿಟ್ಟೂ ಗಣಿತದ್ದೇ. ರಜೆಯಲ್ಲಿ ಕೂತು ಒಂದು ಪ್ರೋಗ್ರಾಂ ಬರೆದರು. ಶಿಕ್ಷಕರ ಪಟ್ಟಿ ಕೊಟ್ಟು, ಯಾರಿಗೆ ಯಾವ ಹೊತ್ತು ಆಗುವುದಿಲ್ಲ ಎಂದು ಹೇಳಿದರೆ ಸಾಕು, ಯಾರೂ ಎರಡು ಕಡೆ ಓಡಬೇಕಾಗದ ವೇಳಾಪಟ್ಟಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಸಿದ್ಧ.

ಅದಕ್ಕಿಂತ ದೊಡ್ಡ ಕೆಲಸ ಆಮೇಲೆ ಮಾಡಿದರು. ಅದನ್ನು ಮಾರಲಿಲ್ಲ. ಒಳಗಿನ ಕೋಡ್ ಸಮೇತ ಇಂಟರ್ನೆಟ್ಟಿಗೆ ಹಾಕಿ, ‘ಬೇಕಾದವರು ತಗೊಳ್ಳಿ, ಬಿಚ್ಚಿ ನೋಡಿ, ತಪ್ಪಿದ್ದರೆ ತಿದ್ದಿ ನನಗೂ ಹೇಳಿ’ ಎಂದು ಬರೆದರು. ಈಗ ಮೂರು ಸಾವಿರ ಶಾಲೆಗಳು ಅದನ್ನು ಬಳಸುತ್ತವೆ. ಕೆಲವು ಎಲ್ಲಿವೆ ಎಂದು ತಿಳಿಯಲು ಮೇಷ್ಟ್ರೇ ಭೂಗೋಳದವರ ಹತ್ತಿರ ಅಟ್ಲಾಸ್ ಕೇಳಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೆಸರೆಲ್ಲ ಒಬ್ಬರ ಕೈಗೆ, ಮೊಸರೆಲ್ಲ ಮೂರು ಸಾವಿರ ಸ್ಟಾಫ್‌ರೂಮಿಗೆ. ಇಂಥವರು ಇರುವುದರಿಂದಲೇ ಲೋಕ ನಡೆಯುತ್ತಿದೆ, ಲೋಕಕ್ಕೆ ಅದು ಗೊತ್ತಿಲ್ಲ ಅಷ್ಟೆ.

ಮೇಷ್ಟ್ರ ಹೆಂಡತಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷದ ಭಾನುವಾರಗಳನ್ನು ಆಕೆ ಊಟದ ಮೇಜು ಕಳೆದುಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಳೆದಿದ್ದರು. ಈ ಏಳನೆಯ ಆವೃತ್ತಿಯೇ ಕೊನೆ ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಆಕೆ ಆ ಮಾತನ್ನು ನಂಬಿ, ಬರುವ ಭಾನುವಾರದಿಂದ ಇಬ್ಬರಿಗೂ ಈಜು ಕಲಿಯಲು ಹೆಸರು ಬರೆಸಿ ಬಂದಿದ್ದರು. ಮೇಷ್ಟ್ರ ಬೆನ್ನೂ ಅದನ್ನೇ ಬೇಡುತ್ತಿತ್ತು.

ವಾರಸುದಾರಳೂ ಸಿಕ್ಕಿದ್ದಳು. ಎರಡು ವರ್ಷದಿಂದ ದೂರದೂರಿನಿಂದ ತಿದ್ದುಪಡಿ ಕಳಿಸುತ್ತಿದ್ದ ಜಾಣೆ ಹುಡುಗಿ. ತನ್ನ ಫೋಟೋ ಜಾಗದಲ್ಲಿ ಗುಬ್ಬಚ್ಚಿಯ ಚಿತ್ರ ಹಾಕಿಕೊಂಡಿದ್ದರಿಂದ ಮನೆಯಲ್ಲಿ ಅವಳ ಹೆಸರೇ ಗುಬ್ಬಚ್ಚಿ. ಏಳನೆಯ ಆವೃತ್ತಿ ಹೊರಬಿದ್ದ ದಿನ ಸಂಜೆ ಆರು ಗಂಟೆಗೆ ಜವಾಬ್ದಾರಿಯೆಲ್ಲ ವಹಿಸಿಕೊಳ್ಳುತ್ತೇನೆ ಎಂದು ಅವಳು ಒಪ್ಪಿದ್ದಳು. ಸಂಜೆ ಆರಾದರೆ ಮೇಷ್ಟ್ರು ಪಾರು.

ಒಂಬತ್ತು ಗಂಟೆಗೆ ಏಳನೆಯ ಆವೃತ್ತಿ, ಅಂದರೆ 7.0, ಹೊರಬಿತ್ತು. ಒಂಬತ್ತೂವರೆಗೆ ಎದುರುಮನೆಯ ತಾತ ಒಳಗೆ ಬಂದರು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಮೇಷ್ಟ್ರು ಹೊರಡಿಸುವ ಪ್ರತಿ ಪ್ರಕಟಣೆಯನ್ನೂ ಯಾರೂ ಕೇಳದಿದ್ದರೂ ತಿದ್ದಿಕೊಡುವುದು ಅವರ ಪದ್ಧತಿ.

“ಮೇಷ್ಟ್ರೇ, ಇದರ ಜೊತೆ ಒಂದು ಶಾಲೆ ಬಂದಿದೆಯಲ್ಲ, ಅದರಲ್ಲಿ ನಾನೂ ಕೆಲಸಕ್ಕಿದೀನಾ?” ಎಂದು ಕಾಗದ ಚಾಚಿದರು.

ಮೇಷ್ಟ್ರು ಕನ್ನಡಕ ಇಳಿಸಿಕೊಂಡು ಓದಿದರು. ಪ್ರೋಗ್ರಾಮನ್ನು ಪರೀಕ್ಷಿಸಲು ಅವರು ಒಂದು ಸುಳ್ಳು ಶಾಲೆ ಕಟ್ಟಿಕೊಂಡಿದ್ದರು. ಪರೀಕ್ಷೆ ಗಟ್ಟಿಯಾಗಿರಬೇಕಾದರೆ ಶಿಕ್ಷಕರು ಹೊಂದಿಕೊಳ್ಳುವುದಕ್ಕೆ ಕಷ್ಟದವರಾಗಿರಬೇಕು. ಅಂಥವರು ಬೇಕೆಂದರೆ ನೆಂಟರು, ನೆರೆಯವರಿಗಿಂತ ಬೇರೆ ಎಲ್ಲಿ ಹುಡುಕುವುದು? ಮನೆಯ ಫೋಲ್ಡರಿನಲ್ಲಿದ್ದ ಆ ಪಟ್ಟಿ ಈಗ ಮೂರು ಸಾವಿರ ಶಾಲೆಗಳ ಕೈಯಲ್ಲಿತ್ತು. ‘ಎದುರುಮನೆ ತಾತ: ಗಂಟೆ ಹೊಡೆದರೂ ನಿಲ್ಲಿಸುವುದಿಲ್ಲ. ಇವರ ಮುಂದಿನ ಪೀರಿಯಡ್ ಖಾಲಿ ಬಿಡಬೇಕು. ಅತ್ತೆ: ಯಾರ ಪಕ್ಕದಲ್ಲೂ ಕೂರಿಸುವಂತಿಲ್ಲ. ಹೆಂಡತಿ: ಒಂದೇ ಹೊತ್ತಿಗೆ ಮೂರು ಕಡೆ ಹಾಕಬಹುದು. ತಕರಾರು ಮಾಡುವುದಿಲ್ಲ.’

“ನನ್ನ ವಿಷಯ ಬರೆದಿದ್ದು ನಿಜಾನೇ ಬಿಡಿ,” ಎಂದರು ತಾತ, ಕುರ್ಚಿ ಎಳೆದುಕೊಂಡು. “ಆದ್ರೆ ಚಿಹ್ನೆಗಳನ್ನ ಮನಸ್ಸಿಗೆ ಬಂದ ಹಾಗೆ ಹಾಕಿದೀರಲ್ಲ, ಅದು ತಪ್ಪು.”

ಅಡುಗೆಮನೆಯಿಂದ ಹೆಂಡತಿ ಬಂದು ಕಾಗದ ಓದಿದರು. “ತಕರಾರು ಮಾಡಲ್ವಾ ನಾನು? ಹಾಗಂತ ದೇಶದೇಶಕ್ಕೆಲ್ಲ ಸಾರಿದೀರಾ? ಈಗ ಮಾಡ್ತೀನಿ, ಕೇಳಿಸ್ಕೊಳ್ಳಿ,” ಎಂದು ಶುರು ಮಾಡಿದರು.

ಹೊರಗೆ ಹೋದ 7.0 ಅನ್ನು ವಾಪಸು ಕರೆಸಿಕೊಳ್ಳುವಂತಿರಲಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮುಟ್ಟಬಾರದು ಎನ್ನುವುದು ಆ ಕಸುಬಿನ ನೇಮ. ಯಾರೋ ಆಗಲೇ ತೆಗೆದುಕೊಂಡಿರುತ್ತಾರೆ. ಅದೇ ಹೆಸರಿನಲ್ಲಿ ಒಳಗಿನದನ್ನು ಬದಲಾಯಿಸಿದರೆ ಅವರಿಗೆ ಮೋಸ. ತಪ್ಪಾಯಿತೋ, ತಪ್ಪೊಪ್ಪಿಕೊಂಡು ಮುಂದಿನ ಸಂಖ್ಯೆ ಕೊಡಬೇಕು. ಆ ನೇಮವನ್ನು ಮೇಷ್ಟ್ರು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುರಿದವರಲ್ಲ. ಹಾಗಾಗಿ ಆ ಶಾಲೆಯನ್ನು ತೆಗೆದುಹಾಕಲು 7.1ಕ್ಕೆ ಕೂತರು. ಬಿಡುವ ಮುಂಚೆ ನಲವತ್ತು ನಿಮಿಷದ ಪರೀಕ್ಷೆಗಳನ್ನು ನಡೆಸಬೇಕು, ಆದರೆ ಹೆಂಡತಿಯ ತಕರಾರು ಅತ್ತೆಯ ವಿಷಯಕ್ಕೆ ಬರುತ್ತಿತ್ತು. ಪರೀಕ್ಷೆ ಬಿಟ್ಟರು. ಅಷ್ಟರಲ್ಲಿ ಹೆಡ್ಮಿಸ್ಟ್ರೆಸ್ಸಿನ ಫೋನು ಬಂದು ಎರಡು ನಿಮಿಷ ಬಾಲ್ಕನಿಗೆ ಹೋದರು.

ಆ ಎರಡು ನಿಮಿಷದಲ್ಲಿ ತಾತ ಪರದೆಯ ಮೇಲೆ ವಾರದ ದಿನಗಳ ಪಟ್ಟಿ ಕಂಡರು. ಸೋಮವಾರ ಆದಮೇಲೆ ಮಂಗಳವಾರ ಬರುವುದು ಎಲ್ಲರಿಗೂ ಗೊತ್ತಿರುವಾಗ ನಡುವೆ ಅಲ್ಪವಿರಾಮ ಯಾಕೆ ಎನಿಸಿತು. ನಲವತ್ತು ವರ್ಷದ ಕೈ, ತಾನಾಗಿ ಹೋಗಿ ಅಳಿಸಿತು. ಮೇಷ್ಟ್ರು ಬಂದವರೇ ಗುಂಡಿ ಒತ್ತಿದರು.

ಹನ್ನೊಂದು ಗಂಟೆಗೆ ಚಳಿನಾಡಿನ ಹೆಡ್ಮಾಸ್ತರೊಬ್ಬರ ಪತ್ರ ಬಂತು: ‘ಮಾನ್ಯರೇ, ನಿಮ್ಮ ಹೊಸ ವಾರದಲ್ಲಿ ಸೋಮವಾರ ಮಂಗಳವಾರ ಸೇರಿ ಒಂದೇ ದಿನವಾಗಿದೆ. ಹಾಸ್ಟೆಲಿನ ಮಕ್ಕಳಿಗೆ ಸಂತೋಷವಾಗಿದೆ. ಇದು ಶಾಶ್ವತವೇ?’

“ತಾತ, ನೀವೇನಾದ್ರೂ ಮುಟ್ಟಿದ್ರಾ?”

“ಒಂದೇ ಒಂದು. ಧನ್ಯವಾದ ಎಲ್ಲ ಬೇಡಪ್ಪ.”

ಮೇಷ್ಟ್ರು ಹಲ್ಲು ಕಚ್ಚಿ, ನಿನ್ನೆಯ ಪ್ರತಿಯಿಂದ ದಿನಗಳನ್ನು ಮರಳಿ ತಂದು 7.2 ಬಿಟ್ಟರು. ಅದು ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂದ ಹಾಗಾಯಿತು. ನಿನ್ನೆಯದು ಎಂದು ತೆಗೆದ ಪ್ರತಿ ನಿಜವಾಗಿ ಹೋದ ತಿಂಗಳದ್ದು. ಯಾವ ತಪ್ಪನ್ನು ಸರಿಮಾಡಲು ಏಳನೆಯ ಆವೃತ್ತಿ ಹುಟ್ಟಿತ್ತೋ ಅದೇ ಅದರ ಬಾಲ ಹಿಡಿದು ಬಂದಿತ್ತು. ಒಂದು ಗಂಟೆಗೆ ಬಂದ ಪತ್ರವನ್ನು ಹೆಂಡತಿಯೇ ಭುಜದ ಹಿಂದೆ ನಿಂತು ಗಟ್ಟಿಯಾಗಿ ಓದಿದರು.

‘ಸರ್, ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ನಿನ್ನೆ ಹೆರಿಗೆಯಾಯಿತು. ರಜೆ ಅಂತ ಗುರುತು ಹಾಕಿದ್ದರೂ ನಾಳೆ ಬೆಳಗ್ಗೆ ನನಗೆ ಮೊದಲ ಪೀರಿಯಡ್ ಬಂದಿದೆ. ನಾಳೆಯೇ ಶಾಲೆ ಶುರು. ನಮ್ಮ ಶಾಲೆಯಲ್ಲಿ ಇದನ್ನು ನಡೆಸುವುದು ನಾನೊಬ್ಬಳೇ. ಮಗು ಮಲಗಿದಾಗ ಹೊಸದನ್ನು ಹಾಕಿ ನೋಡುತ್ತೇನೆ. ಅವಸರವಿಲ್ಲ.’

ಹೆಂಡತಿ ತಕರಾರನ್ನು ಅರ್ಧಕ್ಕೇ ಬಿಟ್ಟರು. “ಏನ್ ನೋಡ್ತಾ ಕೂತಿದೀರಿ? ಮಗು ಏಳೋದ್ರೊಳಗೆ ಮಾಡಿ,” ಎಂದು ತಾತನ ತೋಳು ಹಿಡಿದು ಸೋಫಾದ ಮೇಲೆ ಕೂರಿಸಿ, ಕೈಗೆ ಹಳೆಯ ಪತ್ರಿಕೆಯೊಂದನ್ನೂ ಕೆಂಪು ಪೆನ್ನನ್ನೂ ಕೊಟ್ಟರು. ಮೇಷ್ಟ್ರಿಗೆ ಅಲ್ಲೇ ಊಟ ತಂದಿಟ್ಟರು. ಇಪ್ಪತ್ತು ನಿಮಿಷದಲ್ಲಿ 7.3 ಹೋಯಿತು. ‘ಸರಿಯಾಯಿತು. ಅವಳು ಇನ್ನೂ ಮಲಗಿದ್ದಾಳೆ’ ಎಂದು ಆಸ್ಪತ್ರೆಯಿಂದ ಉತ್ತರ ಬಂತು. ಅದನ್ನು ಓದಿದಾಗ ಮೇಷ್ಟ್ರ ಕಣ್ಣು ತುಂಬಿತು. ಹೆಂಡತಿಯದೂ ತುಂಬಿತ್ತು, ಆದರೆ ಬೆಳಗಿನ ಜಗಳ ಇನ್ನೂ ಬಾಕಿ ಇದ್ದುದರಿಂದ ಆಕೆ ಒಳಗೆ ಹೋದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಾಳೆಯ ತಯಾರಿಗೆಂದು ಭಾನುವಾರವೂ ಶಾಲೆಯಲ್ಲಿದ್ದ ಹೆಡ್ಮಿಸ್ಟ್ರೆಸ್ಸು ಮೂರನೆಯ ಸಲ ಫೋನು ಮಾಡಿದರು.

“ಏನ್ ಮೇಷ್ಟ್ರೇ, ಊರಿಗೆಲ್ಲ ಉಪಕಾರ ಮಾಡ್ತೀರಿ, ನಮ್ಮ ಶಾಲೆಗೆ ಅಕ್ಷರ ದಪ್ಪ ಮಾಡಿಕೊಡಿ ಅಂದ್ರೆ ಆಗಲ್ವಾ? ನೋಟಿಸ್ ಬೋರ್ಡಲ್ಲಿ ನನಗೆ ಒಂದೂ ಕಾಣಲ್ಲ.”

“ಮೇಡಂ, ಇವತ್ತು ಬೇಡ. ಮುಂದಿನ ಸಲ...”

“ಮುಂದಿನ ಸಲ ನೀವಿರಲ್ಲವಂತಲ್ಲ! ಈಜೋಕೆ ಹೋಗ್ತೀರಂತಲ್ಲ!”

ಹೆಡ್ಮಿಸ್ಟ್ರೆಸ್ಸಿನ ಮಾತು ಮೀರುವ ಧೈರ್ಯ ಮೇಷ್ಟ್ರಿಗೆ ಎಂದೂ ಇರಲಿಲ್ಲ. 7.4ರಲ್ಲಿ ಅಕ್ಷರ ದಪ್ಪ ಮಾಡಿದರು. ಎಷ್ಟು ದಪ್ಪವಾಯಿತೆಂದರೆ ಒಂದು ಹಾಳೆಗೆ ಒಂದೇ ಪೀರಿಯಡ್. ಶಾಲೆಯ ಪ್ರಿಂಟರು ಮುನ್ನೂರ ಹನ್ನೆರಡು ಹಾಳೆ ಉಗುಳಿ ಹೊಗೆಯಾಡಿತು. “ಈಗ ಕಾಣ್ತಾ ಇದೆ, ಆದ್ರೆ ಗೋಡೆ ಸಾಲಲ್ಲ,” ಎಂದು ಹೆಡ್ಮಿಸ್ಟ್ರೆಸ್ಸು ನಾಲ್ಕನೆಯ ಫೋನಿನಲ್ಲಿ ತಿಳಿಸಿದರು. ಅದನ್ನು ಹದಕ್ಕೆ ತರುವಷ್ಟರಲ್ಲಿ 7.5 ಆಯಿತು, ಗಂಟೆ ನಾಲ್ಕಾಯಿತು.

ಈ ನಡುವೆ ಬೇರೊಂದು ಬಗೆಯ ಪತ್ರಗಳು ಬಂದು ಬಿದ್ದಿದ್ದವು. ‘7.0ರಲ್ಲಿದ್ದ ಆ ಶಾಲೆ ಎಲ್ಲಿ? ನಮ್ಮ ಸ್ಟಾಫ್‌ನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಓದಿ ನಕ್ಕೆವು. ಪಟ್ಟಿಯನ್ನು ಹೇಗೆ ತುಂಬಬೇಕೆಂದು ನಮಗೆ ಅರ್ಥವಾದದ್ದೇ ಆ ತಾತ, ಆ ಅತ್ತೆಯನ್ನು ನೋಡಿದ ಮೇಲೆ. ದಯವಿಟ್ಟು ವಾಪಸು ಹಾಕಿ.’ ಒಂದಲ್ಲ ಎರಡಲ್ಲ, ನಲವತ್ತು ಶಾಲೆಗಳು ಹಾಗೇ ಬರೆದಿದ್ದವು.

ಮೇಷ್ಟ್ರು ಹೆದರುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತರು. “ಏನೇ, ನಿನ್ನನ್ನ ವಾಪಸು ಕೇಳ್ತಿದಾರೆ.”

ಹೆಂಡತಿ ಪತ್ರಗಳನ್ನೆಲ್ಲ ಓದಿದರು. ಹನ್ನೊಂದು ವರ್ಷದಲ್ಲಿ ಅವುಗಳನ್ನು ಕೂತು ಓದಿದ್ದು ಅದೇ ಮೊದಲು. “ಎಷ್ಟು ಜನಾರೀ ಇವರು! ಒಬ್ಬೊಬ್ಬರಿಗೂ ಉತ್ತರ ಬರೀತೀರಾ?” ಎಂದು ಕೇಳಿದರು. ಮೇಷ್ಟ್ರು ತಲೆಯಾಡಿಸಿದರು. ಆಕೆಗೆ ಗಂಡನ ಮೇಲೆ ಹೆಮ್ಮೆ ಉಕ್ಕಿತು, ಉಕ್ಕಿದ್ದನ್ನು ಮುಖದಲ್ಲಿ ತೋರಿಸಲಿಲ್ಲ. “ಹಾಕಿ. ಆದ್ರೆ ನನ್ನ ಸಾಲು ನಾನು ಹೇಳಿದ ಹಾಗೆ ಇರ್ಬೇಕು. ಬರ್ಕೊಳ್ಳಿ. ಹೆಂಡತಿ: ಭಾನುವಾರ ಪೂರ್ತಿ ರಜೆ. ಚೌಕಾಸಿ ಇಲ್ಲ.”

ಹಾಗೇ ಬರೆದರು. ಈ ಸಲ ನಲವತ್ತು ನಿಮಿಷದ ಪರೀಕ್ಷೆಗಳನ್ನು ಒಂದೂ ಬಿಡದೆ ನಡೆಸಿದರು. ತಾತ ಸೋಫಾದ ಮೇಲೆ ನಿದ್ದೆ ಹೋಗಿದ್ದರು, ಫೋನು ಆಫ್ ಆಗಿತ್ತು. ಐದೂವರೆಗೆ 7.6 ಹೊರಟಿತು. ಅರ್ಧ ಗಂಟೆ ಕಾದರೂ ಎಲ್ಲಿಂದಲೂ ದೂರು ಬರಲಿಲ್ಲ. ಆ ಕಸುಬಿನಲ್ಲಿ ದೂರು ಬಾರದಿರುವುದೇ ಹೂಮಾಲೆ. ಒಂದೇ ದಿನ ಆರು ಸಲ ಮೂರು ಸಾವಿರ ಶಾಲೆಗಳ ಮುಂದೆ ತಪ್ಪೊಪ್ಪಿಕೊಂಡ ಮನುಷ್ಯ ಬೆನ್ನು ನೆಟ್ಟಗೆ ಮಾಡಿ ಕೂತರು. ಇಷ್ಟು ಎಡವಿದ ಮೇಲೆ ಗುಬ್ಬಚ್ಚಿ ಓಡಿಬಂದು ಕೈಯಿಂದ ಕಿತ್ತುಕೊಳ್ಳುತ್ತಾಳೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಸರಿಯಾಗಿ ಆರಕ್ಕೆ ಪತ್ರ ಬಂತು.

‘ಸರ್, ಬೆಳಗ್ಗೆಯಿಂದ ಊಟ ಬಿಟ್ಟು ನಿಮ್ಮನ್ನೇ ನೋಡ್ತಾ ಕೂತಿದ್ದೆ. ಒಂದೇ ದಿನದಲ್ಲಿ ಏಳು ಆವೃತ್ತಿ! ಹೆರಿಗೆಯಾದ ಟೀಚರಿಗೆ ಇಪ್ಪತ್ತು ನಿಮಿಷದಲ್ಲಿ ಪರಿಹಾರ! ನೀವು ದಣಿದಿದೀರಿ ಅಂದ್ಕೊಂಡು ನಾನು ಒಪ್ಪಿದ್ದೆ. ದಣಿದೋರು ಹೀಗೆ ಕೆಲಸ ಮಾಡ್ತಾರಾ? ಇಷ್ಟು ಉತ್ಸಾಹ ಇರೋರ ಕೈಯಿಂದ ಇದನ್ನ ತಗೊಂಡ್ರೆ ನನಗೆ ಪಾಪ ಸುತ್ಕೊಳ್ಳುತ್ತೆ. ತಿದ್ದುಪಡಿ ಕಳಿಸೋ ನಾವೆಲ್ಲ ಸೇರಿ ಒಮ್ಮತದಿಂದ ತೀರ್ಮಾನ ಮಾಡಿದೀವಿ. ನೀವಿರೋ ತನಕ ನೀವೇ ಯಜಮಾನರು. ಇನ್ನೊಂದು ಸಂತೋಷದ ಸುದ್ದಿ. ಭಾನುವಾರ ದೂರು ಕೊಟ್ರೆ ಭಾನುವಾರವೇ ಪರಿಹಾರ ಅಂತ ಎಲ್ಲ ಶಾಲೆಗಳಿಗೂ ಈಗಷ್ಟೇ ತಿಳಿಸಿದೀನಿ.’

ಮೇಷ್ಟ್ರು ಕೂಡಲೇ ಉತ್ತರಕ್ಕೆ ಕೂತರು. ಮಾನ ಹೋದರೂ ಚಿಂತೆಯಿಲ್ಲ ಎಂದು ನಿಜ ಬರೆದರು. ಫೋಲ್ಡರು ತಪ್ಪಿದ್ದು ತಾನು. ಪರೀಕ್ಷೆ ಬಿಟ್ಟದ್ದು ತಾನು. ಹೋದ ತಿಂಗಳನ್ನು ನಿನ್ನೆ ಎಂದುಕೊಂಡದ್ದು ತಾನು. ಏಳರಲ್ಲಿ ಆರು ತನ್ನ ದಡ್ಡತನ. ದಯಮಾಡಿ ಇಂಥವನ ಕೈಯಿಂದ ಶಾಲೆಗಳನ್ನು ಕಾಪಾಡು ತಾಯಿ.

ಎರಡೇ ನಿಮಿಷದಲ್ಲಿ ಉತ್ತರ ಬಂತು. ‘ಅಬ್ಬಾ, ಎಂಥ ವಿನಯ ಸರ್! ಇನ್ನೊಬ್ಬರ ಮೇಲೆ ಒಂದು ಮಾತೂ ಹಾಕದೆ ಎಲ್ಲ ತಪ್ಪೂ ನನ್ನದೇ ಅಂದ್ರಲ್ಲ, ಅತ್ತುಬಿಟ್ಟೆ. ಹೊಸಬರು ಕಲೀಲಿ ಅಂತ ನಿಮ್ಮ ಪತ್ರಾನ ಮೂರು ಸಾವಿರ ಶಾಲೆಗೂ ಕಳಿಸಿದೀನಿ.’

ಮೇಷ್ಟ್ರು ಪರದೆಯನ್ನು ನೋಡುತ್ತ ಕೂತರು. ಪತ್ರಗಳು ಒಂದರ ಹಿಂದೆ ಒಂದು ಇಳಿಯತೊಡಗಿದ್ದವು. ಅರ್ಧ ಹೊಗಳಿಕೆ, ಅರ್ಧ ಹೊಸ ಏರ್ಪಾಟಿನ ದೂರುಗಳು. ಭಾನುವಾರ ಮುಗಿಯಲು ಇನ್ನೂ ಐದೂ ಮುಕ್ಕಾಲು ಗಂಟೆ ಇತ್ತು.

ಅಡುಗೆಮನೆಯಿಂದ ಹೆಂಡತಿ ಕೂಗಿ ಕೇಳಿದರು. “ರೀ, ಆರಾಯ್ತಲ್ಲ, ಆ ಹುಡುಗಿ ವಹಿಸ್ಕೊಂಡ್ಲಾ?”

“ಇಲ್ಲ ಕಣೇ,” ಎಂದರು ಮೇಷ್ಟ್ರು. “ಮೆಚ್ಚಿಕೊಂಡ್ಲು.”