ಪಾಸಾ, ಪಾಸಿಯಾ?

ಕೋಳಿ ಕಡಿಯೋ ಕಾರ್ಖಾನೇಲಿ ಕೆಲಸ ಅಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ವಾಸನೆ ಬಿಡಿ, ಮೂಗು ಒಗ್ಗಿಹೋಗುತ್ತೆ. ನಮ್ಮ ಮ್ಯಾನೇಜರ ಮಾತಿಗೆ ಮಾತ್ರ ನನ್ನ ಕಿವಿ ಇವತ್ತಿಗೂ ಒಗ್ಗಿಲ್ಲ. ದಿನಕ್ಕೊಂದು ಹೊಸದು ಬರುತ್ತಲೇ ಇರುತ್ತೆ.

ಕಿಣತ್ತುಕಡವು ಹತ್ತಿರದ ಈ ಕಾರ್ಖಾನೆಯ ಲ್ಯಾಬಿನಲ್ಲಿ ನಾನಿರೋದು. ಮಾಂಸ ಸಾಗೋ ಬೆಲ್ಟು, ಮೇಜು, ಕತ್ತಿ ಎಲ್ಲ ಹತ್ತಿಯಿಂದ ಒರೆಸಿ ತಂದು, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಅನ್ನೋ ಕಣ್ಣಿಗೆ ಕಾಣದ ಹುಳ ಇದೆಯಾ ಅಂತ ನೋಡಬೇಕು. ನಮ್ಮ ಊರು ಸಿರುಮುಗೈ, ಮಗ್ಗದವರು. ನಾವಾಡೋದು ಅರ್ಧ ತಮಿಳು ಬೆರೆತ ಕನ್ನಡ. ಮ್ಯಾನೇಜರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು, ಶುದ್ಧ ಕನ್ನಡ. ಕನ್ನಡ ಒಂದೇ ಶುದ್ಧ.

ಹೊಳೆಯೋದೆಲ್ಲ ಕ್ಲೀನು

ಬೆಲ್ಟಿನ ಅಡಿಭಾಗ ಮುಟ್ಟಿದರೆ ಕೈ ಜಾರುತ್ತಿತ್ತು. ಮ್ಯಾನೇಜರಿಗೆ ಹೋಗಿ ಹೇಳಿದೆ: "ಸಾರ್, ಒದ್ದೆ, ಸೆಕೆ, ಮಾಂಸದ ಚೂರು, ಮೂರೂ ಸಿಕ್ಕರೆ ಈ ಹುಳ ಬೆಲ್ಟಿಗೆ ಅಂಟಿಕೊಂಡು ಮೇಲೊಂದು ಲೋಳೆ ಹೊದ್ದುಕೊಳ್ಳುತ್ತೆ. ಉಜ್ಜದೆ ಔಷಧಿ ಸುರಿದರೆ ಮೇಲೇ ಹರಿದುಹೋಗುತ್ತೆ."

"ಹೊಳೀತಿದೆಯಲ್ಲಮ್ಮಾ!"

"ಲೋಳೆಯೂ ಹೊಳೆಯುತ್ತೆ ಸಾರ್."

"ನೋಡಮ್ಮಾ, ಓದಿದವಳು ನೀನು. ಕಣ್ಣಿಗೆ ಕಾಣದ್ದಕ್ಕೆಲ್ಲ ಹೆದರಬಾರದು."

ಇದೇ ಮಹಾನುಭಾವರು ಹಿಂದಿನ ವಾರ ದೃಷ್ಟಿ ತಾಗುತ್ತೆ ಅಂತ ಗೇಟಿಗೆ ಬೂದುಗುಂಬಳ ಕಟ್ಟಿಸಿದ್ದರು.

ಚಳಿಗೆ ಇಟ್ಟ ತಟ್ಟೆ

ಒರೆಸಿ ತಂದದ್ದನ್ನು ತಟ್ಟೆಗೆ ಹಚ್ಚಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಹುಳ ಇದ್ದರೆ ಮಾರನೆ ದಿನಕ್ಕೆ ಬೆಳೆದು ಕಾಣುತ್ತೆ. ಒಂದು ದಿನ ಮ್ಯಾನೇಜರು ಆ ಪೆಟ್ಟಿಗೆ ತೆರೆದು ನೋಡಿ ಕೂಗಾಡಿದರು: "ಓಹೋ! ಹುಳ ಎಲ್ಲಿಂದ ಬರ್ತಿದೆ ಅಂತ ಈಗ ಗೊತ್ತಾಯ್ತು! ನೀನೇ ಕಾವು ಕೊಟ್ಟು ಸಾಕ್ತಿದ್ದೀಯ!"

ತಟ್ಟೆಗಳನ್ನೆಲ್ಲ ತಾವೇ ಫ್ರಿಜ್ಜಿಗೆ ಸಾಗಿಸಿದರು. ಮಾರನೆ ದಿನ ತೆಗೆದು ನೋಡಿದರೆ ಒಂದೂ ಬೆಳೆದಿಲ್ಲ. ಊರೆಲ್ಲ ಕೇಳುವ ಹಾಗೆ, "ನೋಡಿದ್ಯಾ? ಕಾರ್ಖಾನೆ ಪಾಸು!"

"ಸಾರ್, ಚಳಿಗೆ ಅದು ಸಾಯಲ್ಲ, ಮುದುರಿಕೊಂಡು ಕೂತಿರುತ್ತೆ. ಬೆಚ್ಚಗಾದರೆ ಎದ್ದುಬಿಡುತ್ತೆ."

"ಹಾಗಾದ್ರೆ ನೀನ್ಯಾಕಮ್ಮಾ ಎಬ್ಬಿಸ್ತೀಯ?"

ತಲೆ ಚಚ್ಚಿಕೊಳ್ಳೋಣ ಅಂದರೆ ಕೈಯಲ್ಲಿ ಗ್ಲೌಸು.

ವಾರ್ಡನ್ ಅಮ್ಮ ಬಂದದ್ದು

ಒಂದು ಹುಡುಗಿಯರ ಹಾಸ್ಟೆಲಿನ ವಾರ್ಡನ್ ಅಮ್ಮ ಬಂದರು. ದಿನವೂ ನಮ್ಮಿಂದಲೇ ಕೋಳಿ ತರಿಸೋ ಮಾತು. ನನ್ನ ಅಕ್ಕನ ಮಗಳು ಇರೋದು ಆ ಹಾಸ್ಟೆಲಿನಲ್ಲೇ. ಈ ಬೆಲ್ಟಿನ ಮೇಲೆ ಉರುಳಿದ ಕೋಳಿ ಆ ಮಗುವಿನ ತಟ್ಟೆಗೆ ಹೋಗೋದಾ? ಮ್ಯಾನೇಜರು ಅವರನ್ನ ಬೆಲ್ಟಿನ ಹತ್ತಿರ ಕರೆದುಕೊಂಡು ಹೋದರು, ನಾನೂ ಹಿಂದೆಯೇ ಓಡಿದೆ.

ಮಷೀನಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಬೆಲ್ಟಿನ ಅಡಿಗೆ ಕೈ ತೋರಿಸಿ ಗಂಟಲು ಹರಿಯೋ ಹಾಗೆ ಕೂಗಿದೆ: "ಪಾಸಿ ಸಾರ್! ಪಾಸಿ!"

ಶುದ್ಧ ಕನ್ನಡದವರು ಪಾಚಿ ಅನ್ನೋದಕ್ಕೆ ನಮ್ಮ ಕಡೆ ಪಾಸಿ ಅನ್ನೋದು, ಜಾರೋ ಲೋಳೆಗೂ ಅದೇ. ಪಾಪ, ಮೈಸೂರಿಗೆ ಅದೆಲ್ಲಿ ಗೊತ್ತು? ಮ್ಯಾನೇಜರು ಮುಖ ಅರಳಿಸಿಕೊಂಡು ವಾರ್ಡನ್ ಅಮ್ಮನ ಕಿವಿಯ ಹತ್ತಿರ ಹೋಗಿ, "ಕೇಳಿದ್ರಾ ಮೇಡಂ? ನಮ್ಮ ಲ್ಯಾಬಿನವಳೇ ಹೇಳ್ತಿದಾಳೆ, ಪಾಸು, ಪಾಸು ಅಂತ!" ಅಂದರು. ವಾರ್ಡನ್ ಅಮ್ಮ ಕೋಳಿ ತರಿಸೋ ಕಾಗದಕ್ಕೆ ಸಹಿ ಹಾಕೋಕೆ ಪೆನ್ನು ತೆಗೆದೇಬಿಟ್ಟರು.

ಕೆಲಸ ಹೋದರೆ ಹೋಗಲಿ ಅಂತ ಕೆಂಪು ಗುಂಡಿ ಒತ್ತಿದೆ. ಬೆಲ್ಟು ನಿಂತಿತು, ಸದ್ದೂ ನಿಂತಿತು. ಆ ನಿಶ್ಶಬ್ದದಲ್ಲಿ ನನ್ನ "ಪಾಸಿ!" ಒಂದೇ ಮೊಳಗಿತು.

ವಾರ್ಡನ್ ಅಮ್ಮ ನಮ್ಮ ಕಡೆಯವರೇ, ಊರು ಕಾರಮಡೈ. ಪಾಸಿ ಅಂದರೆ ಏನಂತ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಗ್ಗಿ ಬೆಲ್ಟಿನ ಅಡಿಗೆ ಬೆರಳು ಎಳೆದರು. ಲೋಳೆ ನೂಲಿನ ಹಾಗೆ ಜೋತಾಡಿತು.

"ಅದು ಕೋಳಿ ಕೊಬ್ಬು ಮೇಡಂ," ಅಂದರು ಮ್ಯಾನೇಜರು. "ಒಳ್ಳೇ ಶಕ್ತಿ!"

"ಅಪ್ಪಡಿಯಾ? ಹೌದಾ? ಹಾಗಾದ್ರೆ ನೀವೇ ಸ್ವಲ್ಪ ನೆಕ್ಕಿ ಸಾರ್," ಅಂತ ಬೆರಳನ್ನ ಅವರ ಬಾಯಿಯ ಹತ್ತಿರ ಹಿಡಿದರು.

ಮ್ಯಾನೇಜರು ಎರಡು ಹೆಜ್ಜೆ ಹಿಂದೆ ಹಾರಿದರು. "ಇವತ್ತು ಅಮಾವಾಸ್ಯೆ ಮೇಡಂ, ನಾನು ಮಾಂಸ ಮುಟ್ಟಲ್ಲ!"

ವಾರ್ಡನ್ ಅಮ್ಮ ಪೆನ್ನಿಗೆ ಮುಚ್ಚಳ ಹಾಕಿ, ಬೆರಳನ್ನ ಅವರ ಬಿಳಿ ಕೋಟಿಗೇ ಒರೆಸಿದರು.

"ಅಮಾವಾಸೆ ಹೋದ ವಾರವೇ ಮುಗೀತು ಸಾರ್. ಈ ಬೆಲ್ಟು ತೊಳೆದದ್ದು ಯಾವ ಅಮಾವಾಸೆಗೆ?"