ಹಲ್ಲಿಗೆ ಉಜ್ಜಿ ನೋಡಿ

ಮುತ್ತಿನ ವ್ಯಾಪಾರಕ್ಕೆ ಕೂತ ಮೇಲೆ ವಾರಕ್ಕೊಂದು ಸಲವಾದರೂ ನನ್ನ ಎದೆ ಧಸಕ್ಕೆನ್ನದೆ ಇದ್ದದ್ದಿಲ್ಲ. ಸದ್ಯ, ಇವತ್ತು ಏನೂ ಆಗಲಿಲ್ಲವಲ್ಲ ಎಂದು ಬಾಗಿಲು ಎಳೆಯಲು ಎದ್ದರೆ ಯಾರಾದರೊಬ್ಬರು ಮೆಟ್ಟಿಲು ಹತ್ತಿ ಬಂದೇ ಬರುತ್ತಾರೆ.

ಮಂಡ್ಯದಲ್ಲಿ ನನ್ನದು ಗೂಡಿನಷ್ಟು ಅಂಗಡಿ. ಮಾರುವುದು ಸಿಹಿನೀರಿನ ಮುತ್ತು, ಅಂದರೆ ಕೆರೆ ಕೊಳಗಳಲ್ಲಿ ಚಿಪ್ಪು ಸಾಕಿ ಬೆಳೆಸಿದ್ದು. ನಾನು ಕೂತು ಮಾತಾಡುತ್ತೇನೆ. ನನ್ನ ಹೆಂಡತಿ ಪಕ್ಕದಲ್ಲಿ ಕೂತು, ಮುತ್ತಿಗೊಂದು ಗಂಟು ಹಾಕಿ ಸರ ಪೋಣಿಸುತ್ತಾಳೆ. ಚಿನ್ನವಾದರೆ ನಮ್ಮ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಮುತ್ತನ್ನು ಮಾತ್ರ ಯಾರೂ ನಂಬುವುದಿಲ್ಲ. ಊರಲ್ಲಿ ಒಬ್ಬರು 'ಸಾಬ್ರ ಮುತ್ತು ಡೂಪ್ಲಿಕೇಟು' ಎಂದರೆ ಸಾಕು, ಮಾರನೆಯ ದಿನ ನಾನು ಬೀಗ ಹುಡುಕಬೇಕು. ಆ ಭಯದಲ್ಲೇ ಇಷ್ಟೆಲ್ಲ ಆಯಿತು.

೧. ಲೈಟರು

ಭಾರತೀನಗರದ ಕಡೆಯ ಕಬ್ಬಿನ ಗದ್ದೆಯವರೊಬ್ಬರು ಹೆಂಡತಿಗೆ ಓಲೆ ಮಾಡಿಸಲು ಬಂದರು. ತಟ್ಟೆಯಲ್ಲಿದ್ದ ದಪ್ಪ ಮುತ್ತೊಂದನ್ನು ಎತ್ತಿಕೊಂಡು, "ಇದು ಅಸ್ಲಿನಾ ಸಾಬ್ರೆ?" ಎಂದರು.

"ಅಸಲಿ" ಎಂದೆ. ಅದರ ಜೊತೆಯದನ್ನು ಹುಡುಕಲು ಹಿಂದಕ್ಕೆ ತಿರುಗಿದೆ, ಅಷ್ಟೆ. ಏನೋ ಸುಟ್ಟ ವಾಸನೆ. ತಿರುಗಿ ನೋಡಿದರೆ ಆಸಾಮಿ ಮುತ್ತನ್ನು ಇಕ್ಕಳದಲ್ಲಿ ಹಿಡಿದು ಕೆಳಗೆ ಬೀಡಿ ಲೈಟರು ಹಚ್ಚಿದ್ದಾರೆ! ಇಕ್ಕಳವೂ ನನ್ನದೇ.

"ಅಯ್ಯಯ್ಯೋ, ಏನ್ರೀ ಇದು!"

"ಅಸ್ಲಿ ಮುತ್ತು ಸುಡಕ್ಕಿಲ್ಲ ಅಂತ ಮೊಬೈಲಲ್ಲಿ ತೋರಿಸ್ತಿದ್ರು."

ಮುತ್ತು ಕಪ್ಪಾಗಿ, ಚಟ್ ಎಂದು ಸೀಳಿತು. ಅವರು ಬೇಸರದಿಂದ ಅದನ್ನು ತಟ್ಟೆಗೆ ಹಾಕಿ, "ಬುಡಿ, ಇದು ಡೂಪು" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಬೆಂಕಿ ಇಟ್ಟರೆ ಏನು ತಾನೇ ಉಳಿಯುತ್ತೆ? ನಿಮ್ಮ ಕಬ್ಬು ಅಸಲಿಯೋ ಅಲ್ಲವೋ ಅಂತ ನೋಡೋಕೆ ನಾನು ಬಂದು ಗದ್ದೆಗೆ ಬೆಂಕಿ ಹಚ್ಚಲಾ?"

ಅವರ ಮುಖ ಅರಳಿತು. "ಯಾವತ್ ಬತ್ತೀರಾ? ಸುಟ್ಟೋದ ಕಬ್ಬಾದ್ರೆ ಫ್ಯಾಕ್ಟ್ರಿಯೋರು ಬೇಗ ಕಟಾವ್ ಮಾಡ್ತರೆ ಕಣ್ ಸಾಬ್ರೆ!"

೨. ಏಳು ಬಾಯಿ, ಒಂದು ಸರ

ಆ ಸಿಟ್ಟಿನಲ್ಲೇ ಒಂದು ಕರಿ ಹಲಗೆ ತಂದೆ. ಮುತ್ತನ್ನು ಪರೀಕ್ಷಿಸಲು ಬೆಂಕಿ ಬೇಕಾಗಿಲ್ಲ, ಹಲ್ಲು ಸಾಕು. ಮುಂದಿನ ಹಲ್ಲಿಗೆ ಮೆಲ್ಲಗೆ ಉಜ್ಜಿದರೆ ನಿಜವಾದ ಮುತ್ತು ಸಣ್ಣ ಮರಳು ತಾಗಿದ ಹಾಗೆ ಗರಗರ ಎನ್ನುತ್ತದೆ. ಪ್ಲಾಸ್ಟಿಕ್ಕೋ ಗಾಜೋ ಆದರೆ ಜಾರುತ್ತದೆ. ನಾನು ಹೇಳಿದಂತೆ ಹೆಂಡತಿ ಸೀಮೆಸುಣ್ಣದಲ್ಲಿ ಬರೆದಳು: 'ಮುತ್ತನ್ನು ಹಲ್ಲಿಗೆ ಉಜ್ಜಿ ನೋಡಿ. ಗರಗರ ಎಂದರೆ ಅಸಲಿ. ನುಣ್ಣಗಿದ್ದರೆ ಅಂಗಡಿಯ ಬಾಗಿಲು ಹಾಕುತ್ತೇವೆ.'

"ಕೊನೇ ಸಾಲು ಬೇಡ ಕಣ್ರೀ" ಎಂದಳು.

"ಅದೇ ಮುಖ್ಯ" ಎಂದೆ. ಹೆಂಡತಿಯ ಮಾತು ಕೇಳುವ ಬುದ್ಧಿ ನನಗೆ ಯಾವತ್ತು ಸಮಯಕ್ಕೆ ಬಂದಿದೆ?

ಪ್ರತಿ ಮಂಗಳವಾರ ನಾನು ಮದ್ದೂರಿಗೆ ಹೋಗಿ, ಪರಿಚಯದ ಬಟ್ಟೆ ಅಂಗಡಿಯ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚುತ್ತೇನೆ. ಆ ವಾರ ಹಲಗೆಯನ್ನೂ ಒಯ್ದೆ. ಮದುವೆ ಬಟ್ಟೆಗೆ ಬಂದ ಒಂದು ಮನೆಯವರು ಏಳು ಜನ, ಹಲಗೆ ಓದಿದ್ದೇ ತಡ, ಒಂದು ಸರ ಹಿಡಿದು ಬಾಯಿಂದ ಬಾಯಿಗೆ ದಾಟಿಸತೊಡಗಿದರು. ಅಜ್ಜಿ ಉಜ್ಜಿ ಸೊಸೆಗೆ ಕೊಟ್ಟಿತು, ಸೊಸೆ ನಾದಿನಿಗೆ. ನಾನು ಬಟ್ಟೆ ಹಿಡಿದು ನಡುವೆ ಒರೆಸಲು ಹೋದರೆ, "ನಮ್ ನಮ್ಮೊಳ್ಗೆ ಏನ್ ಎಂಜ್ಲು ಬುಡಿ" ಎಂದರು. ಕೊನೆಗೆ ಸರ ಸೋದರಮಾವನ ಕೈಗೆ ಬಂತು. ಮಾವನ ಬಾಯಿ ತುಂಬ ಎಲೆ ಅಡಿಕೆ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಈ ತುದಿಯಿಂದ ಆ ತುದಿವರೆಗೂ ಒಂದು ಮುತ್ತೂ ಬಿಡದೆ ಉಜ್ಜಿ, "ಪಸ್ಟ್ ಕ್ಲಾಸ್ ಮಾಲು" ಎಂದು ಸರ್ಟಿಫಿಕೇಟು ಕೊಟ್ಟರು. ಆಮೇಲೆ ಎಲ್ಲರೂ ಎದ್ದು ಸೀರೆ ನೋಡಲು ಹೋದರು.

ಎರಡು ಬಾರಿ ತೊಳೆದೆ. ದಾರ ಬಣ್ಣ ಕುಡಿದಿತ್ತು. ಇಡೀ ಸರಕ್ಕೆ ಒಂದು ತೆಳು ಕೆಂಪು ಹಾಗೇ ನಿಂತಿತು. ಅಳುವುದೊಂದೇ ಬಾಕಿ.

ಅಷ್ಟರಲ್ಲಿ ಇನ್ನೊಬ್ಬ ಹೆಂಗಸು ಬಂದು, "ಎಲ್ಲಾ ಬಿಳೀವೇ ಅವೆ. ಈ ಗುಲಾಬಿ ಬಣ್ಣದ್ದು ಸಂದಾಗದೆ, ಎಷ್ಟು?" ಎಂದರು.

ಮೋಸ ಮಾಡಿ ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಸರವನ್ನು ಮಾರುದ್ದ ದೂರ ಹಿಡಿದು, "ಥೂ!" ಎಂದರು. ಆಮೇಲೆ ಮೆಲ್ಲಗೆ ಕೇಳಿದರು.

"ತೊಳುದ್ರೆ ಬಣ್ಣ ಓಯ್ತದಾ?"

"ಹೋಗಲ್ಲಮ್ಮ."

"ಅಂಗಾರೆ ಇದ್ನೇ ಕೊಡಿ."

೩. ಸಾರು

ಮಳವಳ್ಳಿಯ ಒಬ್ಬ ಅರ್ಚಕರ ಹೆಂಡತಿ ಎರಡೆಳೆ ಸರ ಕೊಂಡಿದ್ದರು. ಒಂದೊಂದೇ ಮುತ್ತನ್ನು ಬೆಳಕಿಗೆ ಹಿಡಿದು, ಹೊಳಪು ನೋಡಿ, ಬಹಳ ತಿಳಿದವರಂತೆ ಆರಿಸಿಕೊಂಡಿದ್ದರು. ಹಬ್ಬ ಕಳೆದ ಮೇಲೆ ಸರ ಹಿಡಿದು ಬಂದರು. ಹೊಳಪೆಲ್ಲ ಹೋಗಿ ಮುತ್ತುಗಳು ಸುಣ್ಣದ ಉಂಡೆಗಳಾಗಿದ್ದವು. ಕೆಲವು ಅರ್ಧಕ್ಕೆ ಸವೆದಿದ್ದವು.

"ಏನು ಮಾಡಿದಿರಿ ತಾಯಿ?"

"ಏನಿಲ್ಲಪ್ಪ. ಹಬ್ಬಕ್ಕೆ ದೇವರ ಸಾಮಾನೆಲ್ಲ ಬೆಳಗಬೇಕಿತ್ತಲ್ಲ, ಹುಣಸೆಹಣ್ಣಿನ ನೀರಿಗೆ ಹಾಕಿದ್ದೆ. ದೀಪ, ಗಂಟೆ, ಪಂಚಪಾತ್ರೆ ಎಲ್ಲ ಫಳಫಳ ಅಂದವು. ಇದನ್ನ ಬೇರೆ ಪಾತ್ರೇಲಿ, ಮಡೀಲಿ, ಎರಡು ದಿನ ನೆನೆಸಿಟ್ಟೆ. ಇದೊಂದೇ ಹೀಗಾಯ್ತು."

ಹುಳಿ ತಾಗಿದರೆ ಮುತ್ತು ಕರಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ತಲೆ ತಲೆ ಚಚ್ಚಿಕೊಂಡು ವಿವರಿಸಿದೆ.

"ಹಾಗಾದರೆ ಮುತ್ತೆಲ್ಲ ಆ ನೀರಲ್ಲೇ ಇತ್ತು ಅನ್ನಿ" ಎಂದರು, ಸಮಾಧಾನದ ದನಿಯಲ್ಲಿ.

"ಹೌದು. ಚೆಲ್ಲಿಬಿಟ್ಟಿರಿ."

"ಚೆಲ್ಲೋದಾ? ಒಳ್ಳೆ ಹುಣಸೆಹಣ್ಣು! ಸಾರಿಗೆ ಹಾಕಿದೆ. ನಮ್ಮನೆಯವರು ಮೂರು ಸಲ ಬಡಿಸಿಕೊಂಡರು. ಅದಕ್ಕೇ ಇರಬೇಕು, ಮಂಡಿನೋವು ಕಮ್ಮಿ ಅಂತಿದ್ದಾರೆ."

ಅವರು ಇನ್ನೊಂದು ಎರಡೆಳೆ ಸರ ಆರಿಸಿ ಕಟ್ಟಿಸಿಕೊಂಡರು. ಕೊರಳಿಗೋ ಸಾರಿಗೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

೪. ಗುತ್ತಲಿನ ಮೇಡಂ

ಇವೆಲ್ಲ ಬಿಡಿ, ಮುತ್ತು ಹೋದರೆ ಹೋಯಿತು. ಅಂಗಡಿಯೇ ಹೋಗುವ ಹೊತ್ತು ಬಂದದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ.

ಗುತ್ತಲಿನಲ್ಲಿ ಒಬ್ಬ ನಿವೃತ್ತ ಹೆಡ್ ಮೇಡಂ ಇದ್ದಾರೆ. ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದವರು ಆ ಬಡಾವಣೆಯಲ್ಲಿ ಕಡಿಮೆ. ಅವರು ಹೌದೆಂದರೆ ಗುತ್ತಲು ಹೌದೆನ್ನುತ್ತದೆ. ಮಗನ ಮದುವೆ ಗೊತ್ತಾಗಿತ್ತು. ಸೊಸೆಗೆ ಸರ ಆರಿಸಲು ಬೆಳಕವಾಡಿಯಿಂದ ಬಂದಿದ್ದ ಬೀಗಿತ್ತಿಯನ್ನೂ ಕರೆದುಕೊಂಡು ಬಂದರು. ಅಂಗಡಿಯಲ್ಲಿ ಆಗಲೇ ನಾಲ್ಕೈದು ಹೆಂಗಸರು ಕೂತಿದ್ದರು.

ಮೇಡಂ ಆರಿಸುವ ರೀತಿಯೇ ಬೇರೆ. ಕನ್ನಡಕ ಏರಿಸಿ, ಒಂದೊಂದು ಮುತ್ತಿಗೂ ಅಂಕ ಕೊಟ್ಟರು. "ಇದು ಮೊಟ್ಟೆ ಆಕಾರ, ಐದಕ್ಕೆ ಮೂರು. ಇದಕ್ಕೆ ಮೈಮೇಲೆ ಗೀರು, ಎರಡೂವರೆ. ಇದು ಪಾಸು."

"ಬೆಳೆದ ಮುತ್ತು ಮೇಡಂ. ಎಲ್ಲ ಒಂದೇ ಅಚ್ಚಿನಲ್ಲಿ ಇದ್ದರೇ ಅನುಮಾನ ಪಡಬೇಕು" ಎಂದೆ. ಆ ಉತ್ತರ ಅವರಿಗೆ ಹಿಡಿಸಿತು. ಒಂದು ಸರ ಒಪ್ಪಿದರು. ಆಮೇಲೆ ಹಲಗೆಯ ಕಡೆ ತಿರುಗಿ, ಗಟ್ಟಿಯಾಗಿ ಓದಿ, ಸರವನ್ನು ಹಲ್ಲಿಗೆ ಉಜ್ಜಿದರು.

ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಉಜ್ಜಿದರು. "ನುಣ್ಣಗಿದೆಯಲ್ರೀ!"

ಎದೆ ಧಸಕ್ಕೆಂದಿತು. "ಸಾಧ್ಯವೇ ಇಲ್ಲ ಮೇಡಂ!"

ಅವರು ಸರವನ್ನು ಬೀಗಿತ್ತಿಗೆ ಕೊಟ್ಟರು. ಬೀಗಿತ್ತಿಯೂ ಉಜ್ಜಿ ನೋಡಿ, "ಊ ಕಣಕ್ಕ, ಎಣ್ಣೆ ಅಚ್ದಂಗದೆ" ಎಂದರು.

ಎರಡು ಸಾಕ್ಷಿ! ನಾನು ಕಸಿದುಕೊಂಡು ಉಜ್ಜಿದೆ, ಗರಗರ. ಹೆಂಡತಿ ಉಜ್ಜಿದಳು, ಗರಗರ. "ಅಂಗಡಿಯವರ ಹಲ್ಲು ಸಾಕ್ಷಿಗೆ ನಡೆಯಲ್ಲ" ಎಂದರು ಮೇಡಂ. ಕೂತಿದ್ದವರಲ್ಲಿ ಒಬ್ಬಾಕೆ, "ಕೊಡಿ ಮೇಡಂ, ನಾನೂ ನೋಡ್ತೀನಿ" ಎಂದು ಕೈಚಾಚಿದಳು. ಅವರ ಹಳೆಯ ವಿದ್ಯಾರ್ಥಿನಿಯಂತೆ. ಮೇಡಂ ಗದರಿದರು: "ಪರೀಕ್ಷೆ ನಡೀವಾಗ ಪಕ್ಕದವರು ಉತ್ತರ ಹೇಳಬಾರದು!" ಆಕೆ ಕೈಕಟ್ಟಿ ಕೂತಳು. ಇನ್ನೊಬ್ಬಾಕೆ ಕೈಯಲ್ಲಿದ್ದ ಸರವನ್ನು ಸದ್ದಿಲ್ಲದೆ ತಟ್ಟೆಗೆ ಹಾಕಿ ಚಪ್ಪಲಿ ಹುಡುಕತೊಡಗಿದಳು.

"ಬರೆದ ಮೇಲೆ ನಡೆದುಕೊಳ್ಳಬೇಕು" ಎಂದರು ಮೇಡಂ. "ಬಾಗಿಲು ಹಾಕಿ."

ಹೆಂಡತಿ ಆ ಕೊನೆಯ ಸಾಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಹಾಗೆ ನೋಡುವುದಕ್ಕಿಂತ ಬೈದಿದ್ದರೆ ವಾಸಿಯಿತ್ತು. "ಇನ್ನೊಂದೇ ಒಂದು ಸಲ, ಸ್ವಲ್ಪ ಒತ್ತಿ ಉಜ್ಜಿ ಮೇಡಂ. ಕೈಮುಗೀತೀನಿ" ಎಂದೆ.

"ನೂರು ಸಲ ಬೇಕಾದರೂ!" ಎಂದು ಮೇಡಂ ಎಲ್ಲರಿಗೂ ಕಾಣುವಂತೆ ಎದ್ದು ನಿಂತು, ಸರವನ್ನು ಹಲ್ಲಿಗೆ ಒತ್ತಿ ಬಲವಾಗಿ ಎಳೆದರು. ಸರದ ಬೆಳ್ಳಿ ಕೊಕ್ಕೆ ಎಲ್ಲೋ ಸಿಕ್ಕಿಕೊಂಡಿತು. ಇನ್ನೂ ಬಲವಾಗಿ ಎಳೆದರು.

ಟಕ್.

ಮೇಲಿನ ಸಾಲಿನ ಹಲ್ಲು ಅಷ್ಟೂ ಸರದ ಸಮೇತ ನನ್ನ ಮಖಮಲ್ಲಿನ ತಟ್ಟೆಯ ಮೇಲೆ, ಮುತ್ತುಗಳ ನಡುವೆ ಬಂದು ಕೂತಿತು.

ನಾನಂತೂ ಕಣ್ಣು ಎಲ್ಲಿಡಬೇಕೋ ತಿಳಿಯದೆ ಫ್ಯಾನು ನೋಡಿದೆ. ಚಪ್ಪಲಿ ಹುಡುಕುತ್ತಿದ್ದವಳು ಬಗ್ಗಿದ ಹಾಗೇ ನಿಂತಿದ್ದಳು. ಬೀಗರ ಎದುರಿಗೇ ಹೀಗಾಗಿಬಿಟ್ಟಿತಲ್ಲ!

ಆಗ ಬೀಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಮೇಡಂ ಕೈಹಿಡಿದು ಸಣ್ಣಗೆ ಅಂದರು: "ಬುಡಿ ಕಣಕ್ಕ, ಅದ್ಕ್ಯಾಕ್ ನಾಚ್ಕಳದು. ನಂದೂ ಕಟ್ಸಿದ್ದೇಯ. ಮ್ಯಾಲ್ಗಡೆ ಕೆಳ್ಗಡೆ ಎಲ್ಡೂವೆ."

ಮೇಡಂ ಗೋಡೆಯ ಕಡೆ ತಿರುಗಿ ಹಲ್ಲು ಸೇರಿಸಿಕೊಂಡು, ಕನ್ನಡಕ ಸರಿಮಾಡಿ, ಈ ಕಡೆ ತಿರುಗಿದಾಗ ಮತ್ತೆ ಹೆಡ್ ಮೇಡಂ ಆಗಿದ್ದರು. ನನ್ನ ಹೆಂಡತಿಯ ಮುಂದೆ ಕೈಚಾಚಿ ಸೀಮೆಸುಣ್ಣ ಕೇಳಿದರು. ಹಲಗೆಯ ಮೊದಲ ಸಾಲಿನಲ್ಲಿ, 'ಹಲ್ಲಿಗೆ' ಎಂಬುದಕ್ಕೆ ಮೊದಲು ಸೇರಿಸುವ ಗುರುತು ಹಾಕಿ, ಮೇಲುಗಡೆ ದುಂಡಾಗಿ ಬರೆದರು: 'ಸ್ವಂತ'.

ಆಮೇಲೆ ಸೀಮೆಸುಣ್ಣದ ಕೈ ಕೊಡವಿಕೊಂಡು ನನ್ನತ್ತ ಕಣ್ಣು ಬಿಟ್ಟರು.

"ಪ್ರಶ್ನೆಯಲ್ಲೇ ತಪ್ಪಿದ್ದರೆ ಉತ್ತರ ಬರೆದವರದ್ದೇನು ತಪ್ಪು? ನಮ್ಮಿಬ್ಬರಿಗೂ ಕೃಪಾಂಕ ಬರಬೇಕು. ಸರದ ಬೆಲೆಯಲ್ಲಿ ಕಳೀರಿ."