ಸದ್ದು ಅಡಗಿಸಲು ಹೋದ ದಫೇದಾರ

ಕಳ್ಳನನ್ನು ಹಿಡಿಯಲು ಹೋದ ಪೊಲೀಸನಿಗೆ ಕಳ್ಳ ಸಿಗದಿದ್ದರೂ ಮರ್ಯಾದೆಯಾದರೂ ಉಳಿಯುತ್ತದೆ. ಗಲಾಟೆ ನಿಲ್ಲಿಸಲು ಹೋದವನಿಗೆ ಅದೂ ಉಳಿಯುವುದಿಲ್ಲ. ನನಗಂತೂ ಇಂಥದ್ದು ಆಗುತ್ತಲೇ ಇರುತ್ತದೆ, ಆದಾಗಲೆಲ್ಲ ಇದೇ ಕೊನೆಯದು ಅಂದುಕೊಳ್ಳುತ್ತೇನೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಠಾಣೆಗಳನ್ನು ಸುತ್ತಿ ಸುತ್ತಿ ದಫೇದಾರನಾದವನು ನಾನು. ಮೈಕು, ಪಟಾಕಿ, ಡಿಜೆ, ಬೀದಿ ಜಗಳ, ಅಕ್ಕಪಕ್ಕದವರ ನೆಮ್ಮದಿ ಕೆಡಿಸುವ ಯಾವ ಸದ್ದಿನ ದೂರು ಬಂದರೂ ಠಾಣೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಈಗಿರುವ ಊರಿನಲ್ಲಿ ನನಗೆ ಇನ್ನೊಂದು ಚಿಂತೆಯೂ ಇದೆ. ಎಂಬತ್ತು ಸಮೀಪಿಸಿದ ನಮ್ಮವ್ವ ಜೊತೆಯಲ್ಲಿದ್ದಾರೆ. ಈ ಬೀದಿ, ಈ ಜಗಲಿ ಒಗ್ಗಿಹೋಗಿದೆ, ಇನ್ನು ಬೇರೆಲ್ಲಿಗೂ ಏಳುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಅವರನ್ನು ಬಿಟ್ಟು ಹೋಗಲು ನನಗೂ ಮನಸ್ಸಿಲ್ಲ. ಹಾಗಾಗಿ ವರ್ಗಾವಣೆ ಅನ್ನುವ ಮಾತು ಕೇಳಿದರೇ ನನಗೆ ಭಯ. ನಮ್ಮ ಹೊಸ ಸಾಹೇಬರಿಗೆ ಇದು ಚೆನ್ನಾಗಿ ಗೊತ್ತು.

ಆನೆಗೆ ಹೇಳೋರು ಯಾರು

ಇದು ಕೋಟೆ ಕಡೆ ಇದ್ದಾಗಿನ ಮಾತು. ಕಾಡಂಚಿನ ಒಂದು ಹಳ್ಳಿಯವರು ಸಂಜೆಯಾದರೆ ಸಾಕು ತಗಡಿನ ಡಬ್ಬ ಬಡಿಯುತ್ತಾರೆ, ಕಾಡಿನ ಮೌನ ಕೇಳಲೆಂದು ದುಡ್ಡು ಕೊಟ್ಟು ಬಂದ ಅತಿಥಿಗಳಿಗೆ ತೊಂದರೆಯಾಗುತ್ತಿದೆ ಎಂದು ಪಕ್ಕದ ರೆಸಾರ್ಟಿನ ಮ್ಯಾನೇಜರು ದೂರು ಕೊಟ್ಟರು. ನಾನು ಹೋಗಿ ಊರವರನ್ನು ಅರಳಿಕಟ್ಟೆಗೆ ಸೇರಿಸಿ ಕಾನೂನು ಹೇಳಿದೆ. ಹೇಳಿದ್ದು ಸಾಲದು ಅಂತ ಡಬ್ಬಗಳನ್ನೆಲ್ಲ ಜೀಪಿಗೆ ತುಂಬಿಸಿದೆ.

ಒಬ್ಬ ಮುದುಕ ತಾನೇ ಮುಂದೆ ಬಂದು ತನ್ನ ಡಬ್ಬ ಕೊಟ್ಟ. "ತಕೊಂಡೋಗಿ ಸಾಮಿ. ಆದ್ರೆ ಆನೆ ಬಂದ್ರೆ ನಿಮ್ ಕಾನೂನ ಅದಕ್ಕೂ ಒಸಿ ಓದೇಳ್ಬುಡಿ" ಅಂದ.

ಮಾರನೇ ಸಂಜೆಯೇ ಆನೆ ಬಂತು. ಊರಿನ ಜೋಳ ಮುಟ್ಟಲಿಲ್ಲ. ರೆಸಾರ್ಟಿನಲ್ಲಿ ಹಲಸು ಹಣ್ಣಾಗಿತ್ತು, ನೇರ ಅಲ್ಲಿಗೇ ಹೋಯಿತು. ಮ್ಯಾನೇಜರು ಫೋನಿನಲ್ಲಿ ಪಿಸುಗುಟ್ಟಿದರು, "ಸಾರ್, ಆ ಡಬ್ಬ ಎಲ್ಲಿಟ್ಟಿದ್ದೀರಾ?"

ನಾನು ಜೀಪಿನಲ್ಲಿ ಡಬ್ಬ ಹೇರಿಕೊಂಡು ಹೋಗುವಷ್ಟರಲ್ಲಿ ಮೌನ ಕೇಳಲು ಬಂದವರೆಲ್ಲ ಮಹಡಿ ಮೇಲೆ ನಿಂತು, ಊಟದ ತಟ್ಟೆ, ಪಾತ್ರೆ, ಮುಚ್ಚಳ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದರು. ಊರವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ಅದೇ ಮುದುಕ ಜೀಪಿನ ಹತ್ತಿರ ಬಂದು ಕೈಮುಗಿದ.

"ನಮ್ಮೋರು ಇಷ್ಟು ಜೋರಾಗಿ ಯಾವತ್ತೂ ಬಡ್ದಿರ್ನಿಲ್ಲ ಸಾಮಿ. ಇವರ ಮ್ಯಾಲೆ ನಾವೂ ಒಂದು ದೂರು ಕೊಡ್ಬೋದಾ?"

ಪ್ರಚಾರ

ಈಗಿನ ಊರಿಗೆ ಹೊಸ ಸಾಹೇಬರು ಬಂದ ಮೇಲೆ, ಶಬ್ದಮಾಲಿನ್ಯದ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಬೇಕು ಎಂದು ಹುಕುಂ ಆಯಿತು. ತಿಳಿವಳಿಕೆ ಅಂದರೆ ನಮ್ಮಲ್ಲಿ ಆಟೋ ಮೇಲೆ ಮೈಕು ಕಟ್ಟುವುದು. ಹಾಲಿನ ಡೈರಿ ಮೀಟಿಂಗಾದರೂ ಅದೇ, ಕರೆಂಟು ಹೋಗುವುದಿದ್ದರೂ ಅದೇ. ನಾನೂ ಎರಡು ಹಾರ್ನ್ ಕಟ್ಟಿಸಿದೆ. "ನಿಮ್ಮ ನೆರೆಹೊರೆಯಲ್ಲಿ ಯಾರಾದರೂ ಅತಿಯಾದ ಸದ್ದು ಮಾಡಿದಲ್ಲಿ ಕೂಡಲೇ ಈ ನಂಬರಿಗೆ ಕರೆ ಮಾಡಿ" ಎಂದು ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಸಿ, ಬೆಳಿಗ್ಗೆಯೇ ಹೊರಟೆ. ಆ ನಂಬರಿನ ಫೋನು ನನ್ನ ಜೇಬಿನಲ್ಲೇ ಇತ್ತು.

ಮೂರನೇ ಬೀದಿಗೆ ಬರುವಷ್ಟರಲ್ಲಿ ಫೋನ್ ಬಂತು. ನನಗೆ ಹಿಗ್ಗೋ ಹಿಗ್ಗು. ಪ್ರಚಾರ ಇಷ್ಟು ಬೇಗ ಫಲ ಕೊಟ್ಟಿತಲ್ಲ ಎಂದು ಗಂಭೀರವಾಗಿ ಕೇಳಿದೆ, "ಹೇಳಿಯಮ್ಮ, ಯಾರು ಗಲಾಟೆ ಮಾಡ್ತಿರೋದು?"

"ಸ್ವಲ್ಪ ಹಿಂದಕ್ಕೆ ತಿರುಗಿ ನೋಡಿ ಸಾರ್."

ತಿರುಗಿದರೆ ಎದುರು ಮನೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು, ಕಿವಿಯಲ್ಲಿ ಫೋನು, ಹೆಗಲ ಮೇಲೆ ಅಳುವ ಕೂಸು. "ಜ್ವರದ ಮಗು ಸಾರ್, ಈಗ ತಾನೆ ಕಣ್ಣು ಮುಚ್ಚಿತ್ತು. ಫೋನ್ ಮಾಡಿ ಅಂತ ನೀವೇ ಕೂಗ್ತಿದ್ರಲ್ಲ, ಅದಕ್ಕೇ ಮಾಡಿದೆ" ಅಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆಕೆ ಬೈಯಲೂ ಇಲ್ಲ.

ಸಾಹೇಬರು ಮಾತ್ರ ಬೈದರು. "ದೂರು ತಗೊಂಡು ಬನ್ರಿ ಅಂತ ಕಳಿಸಿದ್ರೆ, ನೀವೇ ದೂರಾಗಿ ಬಂದಿದ್ದೀರಲ್ರಿ."

ಎರಡು ಮಾತು

ನಮ್ಮ ಕಡೆ ಒಂದು ಪದ್ಧತಿ. ಸಮಾರಂಭದ ಹತ್ತಿರ ಸರ್ಕಾರದ ಬಟ್ಟೆ ತೊಟ್ಟವನು ಸುಳಿದರೆ ಮುಗಿಯಿತು, ಅವನು ಯಾಕೆ ಬಂದ ಎಂದು ಯಾರೂ ಕೇಳುವುದಿಲ್ಲ, ಮೊದಲು ಹಾರ ಹಾಕಿಬಿಡುತ್ತಾರೆ.

ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಹೊಸ ಕಟ್ಟಡದ ಉದ್ಘಾಟನೆ. ಹಾರ್ನನ್ನು ತೆಂಗಿನಮರಕ್ಕೆ ಕಟ್ಟಿ ಸರಿಯಾಗಿ ಸ್ಕೂಲಿನ ಕಡೆಗೆ ತಿರುಗಿಸಿದ್ದರು. ಸ್ಕೂಲಿನಲ್ಲಿ ವಾರ್ಷಿಕ ಪರೀಕ್ಷೆ. ಹೆಡ್‌ಮಾಸ್ಟರು ಫೋನ್ ಮಾಡಿ, ಮೈಕು ನಿಲ್ಲಿಸಿ ಪುಣ್ಯ ಕಟ್ಟಿಕೊಳ್ಳಿ ಎಂದರು. ಮೈಕು ನಿಲ್ಲಿಸಲೆಂದೇ ಹೋದೆ. ಬೈಕಿನ ಸ್ಟ್ಯಾಂಡ್ ಹಾಕುವ ಮೊದಲೇ ಮೈಕಿನಲ್ಲಿ ಕೂಗಿದರು: "ನಮ್ಮೆಲ್ಲರ ನೆಚ್ಚಿನ ದಫೇದಾರರು ಆಗಮಿಸಿದ್ದಾರೆ, ವೇದಿಕೆಗೆ ದಯಮಾಡಿಸಬೇಕು!"

"ನಾನು ಬಂದದ್ದು..." ಎಂದು ಬಾಯಿ ತೆರೆದೆ. ಪೇಟ ಇಟ್ಟರು. "ಅಲ್ಲ ಕಣ್ರೀ..." ಅಂದೆ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೈಗಿಟ್ಟರು. ಆಮೇಲೆ, ಎರಡು ಮಾತಾಡಿ ಎಂದು ಮೈಕು ಮುಂದಕ್ಕೆ ತಂದರು. ಸರಿ, ಬಂದ ವಿಷಯವನ್ನು ಇಲ್ಲೇ ಹೇಳಿಬಿಡೋಣ ಎಂದು ಶುರು ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ಪೇಟ ತಲೆಗೇರಿದ ಮೇಲೆ ಮಾತಿಗೆ ಲಗಾಮೆಲ್ಲಿ? ಶಬ್ದಮಾಲಿನ್ಯದ ನಿಯಮಗಳನ್ನು ಒಂದೊಂದಾಗಿ ಬಿಡಿಸಿ, ಉದಾಹರಣೆ ಕೊಟ್ಟು, ನಡುವೆ ಒಂದು ವಚನವನ್ನೂ ಸೇರಿಸಿ, ಬೆವರು ಒರೆಸಿಕೊಂಡು ಕೂತೆ.

ಅಷ್ಟರಲ್ಲಿ ಹೆಡ್‌ಮಾಸ್ಟರು ಮತ್ತೆ ಫೋನ್ ಮಾಡಿದರು. "ಸಾರ್, ನೀವು ಇನ್ನೂ ಹೊರಟಿಲ್ವಾ? ಹಾಡಾದ್ರೆ ನಮ್ ಮಕ್ಕಳಿಗೆ ಅಭ್ಯಾಸ ಇದೆ. ಇಷ್ಟೊತ್ತೂ ಯಾವನೋ ಪುಣ್ಯಾತ್ಮ ಭಾಷಣ ಹೊಡ್ದ. ಪಾಣಿಪತ್ ಯುದ್ಧದ ಕಾರಣ ಕೇಳಿದ್ರೆ ಹಿಂದಿನ ಬೆಂಚಿನೋರೆಲ್ಲಾ ಮೈಕು ಅಂತ ಬರ್ದವ್ರೆ."

ಸುದ್ದಿ ಸಾಹೇಬರ ಕಿವಿಗೂ ಬಿತ್ತು. "ಇನ್ನೊಂದು ದೂರು ನಿಮ್ಮಿಂದಾಗಿ ಬಂದ್ರೆ, ನಾಳೆಯೇ ಬೇರೆ ಠಾಣೆ. ನಿಮ್ ತಾಯಿ, ಮನೆ, ಏನೂ ಕೇಳಲ್ಲ" ಅಂದರು. ಅವ್ವನಿಗೆ ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ನಮ್ಮ ಬೀದಿ

ಅದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಕಂಟ್ರೋಲ್ ರೂಮಿನಿಂದ ಕರೆ ಬಂತು. ಮನೆಯೊಂದರ ಮುಂದೆ ವಿಪರೀತ ಕೂಗಾಟ, ಬೀದಿಯಲ್ಲಿ ಯಾರಿಗೂ ನೆಮ್ಮದಿಯಿಲ್ಲ ಅಂತ. ಸಾಹೇಬರು ವಿಳಾಸ ಬರೆದುಕೊಂಡು, "ನಡೀರಿ, ಈ ಸಲ ನಾನೇ ಬರ್ತೀನಿ" ಎಂದು ಜೀಪು ಹತ್ತಿದರು. ಜೀಪು ನಮ್ಮ ಮನೆಯ ತಿರುವಿನಲ್ಲಿ ತಿರುಗಿತು. ನಮ್ಮ ಮನೆಯ ಮುಂದೆಯೇ ನಿಂತಿತು.

ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವ್ವ ಕೂತಿದ್ದರು. ಅವರಿಗೆ ಕಿವಿ ಮಂದ. ಬೀಚನಹಳ್ಳಿಯಲ್ಲಿರುವ ಚಿಕ್ಕಮ್ಮನಿಗೆ ಇನ್ನೂ ಮಂದ. ಫೋನಿನ ಸ್ಪೀಕರ್ ಹಾಕಿಕೊಂಡು ಇಬ್ಬರೂ ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವ ಹಾಗೆ ಮಾತಾಡುತ್ತಿದ್ದರು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು.

"ನನ್ ಮಗನಾ? ಟೇಸನ್ನಲ್ಲಿ ಹುಲಿ ಕಣವ್ವ. ಮನೇಲಿ ಹೆಂಡ್ರು ಕೆಮ್ಮುದ್ರೆ ಒಳೀಕೋಗ್ಬುಡ್ತಾನೆ."

"ಒಸಾ ಸಾಯೇಬ ಬಂದವ್ನಂತಲ್ಲ, ಎಂಗವ್ನಂತೆ?" ಅಂತ ಫೋನಿನೊಳಗಿಂದ ಚಿಕ್ಕಮ್ಮ.

"ಅದೊಂದು ಉರಿಮೂತಿ ಕಣೆ. ನಾನಲ್ಲ ಅಂದಿದ್ದು, ಉಣ್ಣಕ್ ಕೂತಾಗೆಲ್ಲಾ ನನ್ ಮಗನೇ ಅಂತಾನೆ."

ಭೂಮಿ ಬಾಯಿ ಬಿಟ್ಟಿದ್ದರೆ ಜೀಪಿನ ಸಮೇತ ಇಳಿದುಬಿಡುತ್ತಿದ್ದೆ. ಸಾಹೇಬರು ನನ್ನ ಕಡೆ ನೋಡಲೇ ಇಲ್ಲ. ಟೋಪಿ ಸರಿಮಾಡಿಕೊಂಡು, "ದೂರು ಕೊಟ್ಟೋರು ಯಾರು?" ಅಂದರು.

"ನಾನೇ ಸಾರ್" ಎಂದು ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವಳು ನನ್ನ ಹೆಂಡತಿ.

"ಅತ್ತೆ ಮೇಲೆ ನಂಗೇನೂ ಸಿಟ್ಟಿಲ್ಲ. ಅವ್ರಿಗೆ ಕೇಳಲ್ಲ, ಕೂಗ್ತಾರೆ. ಕಿವಿ ಡಾಕ್ಟ್ರಿಗೆ ತೋರ್ಸಿ ಅಂತ ಇವ್ರಿಗೆ ಹೇಳಿ ಹೇಳಿ ಸಾಕಾಯ್ತು. ಊರೋರ ಸದ್ದೆಲ್ಲಾ ಇವ್ರ ಕಿವೀಗ್ ಬೀಳ್ತದೆ, ಮನೆ ಮಾತು ಬೀಳಲ್ಲ. ಇವ್ರ ಮೇಲೆ ಬರ್ಕೊಳ್ಳಿ ಸಾರ್."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾಚಿಕೆಯಿಂದ ನನ್ನ ಬೂಟನ್ನೇ ನೋಡುತ್ತಾ ನಿಂತೆ.

ಸಾಹೇಬರು ಜಗಲಿಯ ಹತ್ತಿರ ಹೋಗಿ, "ಅಮ್ಮಾ, ಸ್ವಲ್ಪ ನಿಧಾನಕ್ಕೆ ಮಾತಾಡಿ" ಎಂದರು. ಅವ್ವನಿಗೆ ಕೇಳಲಿಲ್ಲ. ದನಿ ಏರಿಸಿದರು. ಕೇಳಲಿಲ್ಲ. ಕೊನೆಗೆ ಪೆರೇಡ್ ಮೈದಾನದಲ್ಲಿ ಕೂಗುವ ಹಾಗೆ ಕೂಗಿದರು. ಎದುರುಮನೆಯ ಸೀಬೆಮರದ ಕಾಗೆಗಳು ಹಾರಿಹೋದವು. ಅವ್ವ ಕನಿಕರದಿಂದ ಅವರ ಮುಖ ನೋಡಿದರು.

"ಯಾಕಪ್ಪಾ ಇಷ್ಟು ಮೆತ್ತಗ್ ಮಾತಾಡ್ತೀಯ, ಊಟ ಆಗ್ನಿಲ್ವಾ?"

ನಾನು ಅವ್ವನ ಕಿವಿಗೇ ಬಾಯಿ ಹಚ್ಚಿ, ಇವರೇ ನಮ್ಮ ಸಾಹೇಬರು ಎಂದೆ. ಅವ್ವ ಸಡಗರದಿಂದ ಎದ್ದರು. "ಇರವ್ವ, ಸಾಯೇಬ್ರೇ ಮನೀಗ್ ಬಂದವ್ರೆ, ಉಣ್ಣಕಿಕ್ಕಿ ಬತ್ತೀನಿ" ಎಂದು ಫೋನಿಗೆ ಹೇಳಿ, ಅದನ್ನು ಜಗಲಿಯ ಮೇಲೆ ಹಾಗೇ ಇಟ್ಟು, ಸಾಹೇಬರ ಕೈ ಹಿಡಿದು ಪಕ್ಕದಲ್ಲೇ ಕೂರಿಸಿದರು. ಮುದ್ದೆ, ಹುರುಳಿಕಾಳಿನ ಸಾರು ಬಂತು. ಸಾಹೇಬರು ಎರಡು ತುತ್ತು ನುಂಗಿರಲಿಲ್ಲ, ಕಂಟ್ರೋಲ್ ರೂಮಿನಿಂದ ನನಗೆ ಮತ್ತೆ ಕರೆ.

"ಅದೇ ವಿಳಾಸದ ಬಗ್ಗೆ ಇನ್ನೊಂದು ದೂರು. ಯಾವನೋ ಗಂಡಸು ವಯಸ್ಸಾದ ಹೆಂಗಸಿನ ಮೇಲೆ ಕೂಗಾಡ್ತಿದ್ದಾನಂತೆ. ಯಾರಾದ್ರೂ ಹೋಗಿದ್ದೀರಾ?"

ನಾನು ಸಾಹೇಬರ ಮುಖ ನೋಡಿದೆ. ಅವರು ತಟ್ಟೆ ನೋಡುತ್ತಾ, "ಇತ್ಯರ್ಥ ಆಯ್ತು ಅಂತ ಹೇಳ್ರಿ" ಅಂದರು. ಇನ್ನೊಂದು ತುತ್ತು ಮುರಿದು, ದನಿ ತಗ್ಗಿಸಿ, "ನಾಳೆ ಡ್ಯೂಟಿಗೆ ಬರ್ಬೇಡಿ. ತಾಯೀನ ಕರ್ಕೊಂಡು ಮೈಸೂರಿಗೆ ಹೋಗಿ ಕಿವಿ ತೋರಿಸ್ಕೊಂಡು ಬನ್ನಿ. ವರ್ಗಾವಣೆ ಮಾತು ಆಮೇಲೆ ನೋಡೋಣ" ಅಂದರು.

ನನ್ನ ಕಣ್ಣು ತುಂಬಿಬಂತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಜಗಲಿಯ ಮೇಲೆ ಅವರ ತಟ್ಟೆಯ ಪಕ್ಕದಲ್ಲೇ ಬಿದ್ದಿದ್ದ ಫೋನಿನಿಂದ ಚಿಕ್ಕಮ್ಮನ ದನಿ ಇಡೀ ಬೀದಿಗೆ ಕೇಳುವಂತೆ ಬಂತು.

"ಅಕ್ಕಾ, ಆ ಉರಿಮೂತಿ ಉಂಡ್ನೇನೆ?"